ಅಪ್ಪನ ಕಾಲಿನ ಗಾಯದ ಬಗ್ಗೆ ಅಮ್ಮನಿಗೆ

ಪ್ರೀತಿಯ ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ, ನೀವೆಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ಸುಧಾ ಟೈಪ್ ಮಾಡಿ ಕಳಿಸಿದ ನಿನ್ನ ಪತ್ರ ಓದಿದೆ. ನನ್ನ ನಿದ್ದೆ, ಊಟ, ಕೆಲಸ ಅಂತ ಉದ್ದಕ್ಕೂ ಕೇಳಿದ್ದೀಯ. ಅಪ್ಪನ ಕಾಲಿನ ಬಗ್ಗೆ ಮಾತ್ರ ಕೊನೆಯಲ್ಲಿ ಒಂದೇ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ನೀನು ಮುಂದಕ್ಕೆ ಓದೋದೇ ಇಲ್ಲ, ನನಗೆ ಗೊತ್ತು.

ಲ್ಯಾಬಿನಲ್ಲಿ ನೊಣ ಸಾಕಿ, ಅವಕ್ಕೆ ಬ್ಯಾಕ್ಟೀರಿಯಾ ತಗುಲಿಸಿ ನೋಡುವ ಕೆಲಸ ಅಂತ ಹೆದರಬೇಡ. ಕೈಗೆ ಗ್ಲೌಸ್, ಮೈಮೇಲೆ ಕೋಟ್ ಇದ್ದೇ ಇರುತ್ತೆ. ಬಳಸಿದ ಟ್ಯೂಬು, ತಟ್ಟೆ ಎಲ್ಲವನ್ನೂ ಆಟೋಕ್ಲೇವ್‌ನಲ್ಲಿಟ್ಟು 121 ಡಿಗ್ರಿ ಹಬೆಯಲ್ಲಿ ಬೇಯಿಸಿದ ಮೇಲೆಯೇ ಎಸೆಯೋದು. ನೊಣಗಳೂ ಪಾಪದವು. ಕೊಳೆತ ಹಣ್ಣಿಗೆ ಮುತ್ತುವ ಸಣ್ಣ ನೊಣ, ಡ್ರೊಸೊಫಿಲ ಅಂತಾರೆ, ಮೂರು ಮಿಲಿಮೀಟರ್ ಕೂಡ ಇರಲ್ಲ. ಕಚ್ಚೋದಿಲ್ಲ. ಮೆಕ್ಕೆಜೋಳದ ಹಿಟ್ಟು, ಯೀಸ್ಟು, ಸಕ್ಕರೆ, ಅಗರ್ ಹಾಕಿ ಅವಕ್ಕೆ ನಾನೇ ಗಂಜಿ ಕಾಯಿಸುತ್ತೇನೆ, ಟ್ಯೂಬಿಗೆ ಸುರಿದು ಆರಿಸುತ್ತೇನೆ. 25 ಡಿಗ್ರಿಯಲ್ಲಿ ಇಟ್ಟರೆ ಹತ್ತು ದಿನಕ್ಕೆ ಮೊಟ್ಟೆಯಿಂದ ನೊಣ. ಬೇರೆ ದೇಶದ ಲ್ಯಾಬ್‌ಗಳಿಂದ ನೊಣಗಳು ಅಂಚೆಯಲ್ಲಿ ಬರುತ್ತವೆ ಅಂದರೆ ನಂಬುತ್ತೀಯಾ? ಟ್ಯೂಬಿನಲ್ಲಿ ಊಟದ ಜೊತೆ ಪ್ಯಾಕ್ ಆಗಿ, ಜೀವಂತವಾಗಿ!

ನೊಣ ಸಾಕೋಕೆ ಅಷ್ಟು ದೂರ ಹೋಗಬೇಕಿತ್ತಾ ಅಂತ ಚಿಕ್ಕಪ್ಪ ಕೇಳಿದರಂತೆ. ಅವರಿಗೆ ಇದನ್ನು ಓದಿ ಹೇಳು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಬ್ರೂನೊ ಲೆಮೆತ್ರ್, ಜೂಲ್ಸ್ ಹಾಫ್‌ಮನ್ ಮತ್ತು ಅವರ ಜೊತೆಯವರು ಒಂದು ವಿಷಯ ತೋರಿಸಿದರು. ಟೋಲ್ ಅನ್ನುವ ಜೀನ್ ಕೆಟ್ಟಿರುವ ನೊಣಕ್ಕೆ ಶಿಲೀಂಧ್ರ ತಗುಲಿದರೆ ಅದು ಉಳಿಯೋದಿಲ್ಲ. ಆಮೇಲೆ ನೋಡಿದರೆ ಅದೇ ತರಹದ ಜೀನ್‌ಗಳು ಮನುಷ್ಯರಲ್ಲೂ ಇವೆ, ನಮ್ಮಲ್ಲಿ ಹತ್ತು. ರೋಗಾಣು ಒಳಗೆ ಬಂತು ಅಂತ ದೇಹಕ್ಕೆ ಮೊದಲು ತಿಳಿಸುವುದರಲ್ಲಿ ಅವುಗಳ ಪಾಲು ದೊಡ್ಡದು. 2011ರಲ್ಲಿ ಹಾಫ್‌ಮನ್ ಅವರಿಗೆ ನೊಬೆಲ್ ಬಂತು. ನಾನು ವಿಜ್ಞಾನಿ ಅಲ್ಲ, ಟೆಕ್ನಿಶಿಯನ್. ಆದರೆ ನೊಣ ಸರಿಯಾಗಿ ಸಾಕದೆ, ಸರಿಯಾಗಿ ಚುಚ್ಚದೆ, ಸರಿಯಾಗಿ ಎಣಿಸದೆ ಇಂಥ ಯಾವ ವಿಷಯವೂ ಹೊರಗೆ ಬರೋದಿಲ್ಲ. ಈ ಕೆಲಸ ನನಗೆ ತುಂಬಾ ಇಷ್ಟ ಅಮ್ಮ.

ಚುಚ್ಚೋದು ಅಂದೆ ಅಲ್ವಾ. ನೊಣಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಟ್ಟು ಮಲಗಿಸಿ, ಕೂದಲಿನಷ್ಟು ಸಣ್ಣ ಸೂಜಿಯ ಮೊನೆಯನ್ನು ಬ್ಯಾಕ್ಟೀರಿಯಾದಲ್ಲಿ ಅದ್ದಿ, ಎದೆಯ ಪಕ್ಕ ಮೆಲ್ಲಗೆ ಚುಚ್ಚಬೇಕು. ಹೋಲಿಸಿ ನೋಡೋಕೆ ಇನ್ನೊಂದಷ್ಟು ನೊಣಗಳಿಗೆ ಬರೀ ಶುದ್ಧ ಸೂಜಿ. ಆಮೇಲೆ ದಿನಾ ಎಷ್ಟು ಬದುಕಿವೆ ಅಂತ ಎಣಿಸಿ ಬರೆಯೋದು. ಭಾನುವಾರ ಅಂತ ನೊಣ ಸಾಯೋದು ನಿಲ್ಲಲ್ಲ, ಹಾಗಾಗಿ ಆವತ್ತೂ ಯಾರಾದರೂ ಹೋಗಲೇಬೇಕು. ನಮ್ಮ ಹಾಗೆ ಅವುಗಳ ಮೈಯಲ್ಲಿ ಆಂಟಿಬಾಡಿ, ಅಂದರೆ ರೋಗಾಣುವಿಗೆ ಅಂಟಿಕೊಂಡು ಹೋರಾಡುವ ಪ್ರೋಟೀನು, ಇಲ್ಲ. ಆದರೂ ರಕ್ತದ ಕಣಗಳು ಬ್ಯಾಕ್ಟೀರಿಯಾ ನುಂಗುತ್ತವೆ, ಮೈಯೊಳಗಿನ ಕೊಬ್ಬಿನ ಭಾಗದಿಂದ ರೋಗಾಣು ಕೊಲ್ಲುವ ಸಣ್ಣ ಪ್ರೋಟೀನುಗಳು ಕೆಲವೇ ಗಂಟೆಗಳಲ್ಲಿ ಹೊರಗೆ ಬರುತ್ತವೆ. ಚುಚ್ಚಿದ ಜಾಗ ಕಪ್ಪಾಗುತ್ತೆ, ಅದು ಮೆಲನಿನ್. ಗಾಯ ಮುಚ್ಚುತ್ತಿದೆ ಅಂತ ಅರ್ಥ. ನೊಣದಲ್ಲಿ ಆ ಕಪ್ಪು ಚುಕ್ಕೆ ಕಂಡರೆ ನಮಗೆ ಖುಷಿ.

ಈಗ ನಿನ್ನ ಆ ಒಂದು ಸಾಲು. "ಅಪ್ಪನ ಹೆಬ್ಬೆರಳ ಗಾಯ ಕಪ್ಪಾಗಿ ಒಣಗುತ್ತಾ ಇದೆ, ನೋವೂ ಇಲ್ಲ, ನೀನು ಯೋಚನೆ ಮಾಡಬೇಡ" ಅಂತ ಬರೆದಿದ್ದೀಯ. ಅಮ್ಮ, ಮನುಷ್ಯರಲ್ಲಿ ಅದು ಹಾಗಲ್ಲ. ಅಪ್ಪನ ಹಾಗೆ ಸಕ್ಕರೆ ಕಾಯಿಲೆ ಇರುವವರ ಕಾಲಲ್ಲಿ ಗಾಯ ಕಪ್ಪಾಯಿತು ಅಂದರೆ ಅಲ್ಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ, ಚರ್ಮ, ಮಾಂಸ ಸಾಯುತ್ತಿದೆ ಅಂತಲೂ ಇರಬಹುದು. ನೋವು ಇಲ್ಲ ಅನ್ನೋದೇ ನನಗೆ ಜಾಸ್ತಿ ಭಯ. ಸಕ್ಕರೆ ಅಂಶ ವರ್ಷಗಟ್ಟಲೆ ಏರಿದ್ದರೆ ಕಾಲಿನ ನರಗಳು ಜಡವಾಗುತ್ತವೆ, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಬ್ಯಾಕ್ಟೀರಿಯಾ ನುಂಗಬೇಕಾದ ಬಿಳಿ ರಕ್ತಕಣಗಳೂ ಆಗ ಸರಿಯಾಗಿ ಕೆಲಸ ಮಾಡಲ್ಲ. ಗಾಯ ಹೊರಗೆ ಒಣಗಿದಂತೆ ಕಂಡು ಒಳಗೆ ಹರಡುತ್ತಿರಬಹುದು.

ಸುಮ್ನೆ ನಾಳೆ, ನಾಡಿದ್ದು ಅನ್ನಬೇಡಿ. ಈ ಪತ್ರ ಓದಿದ ದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಗಿರಿ ಮಾವನನ್ನು ಕರೆದುಕೋ, ಅಪ್ಪ ನಿನ್ನ ಮಾತಿಗಿಂತ ಅವರ ಮಾತು ಕೇಳುತ್ತಾರೆ. ಕಾಲಿಗೆ ರಕ್ತ ಹೋಗುತ್ತಿದೆಯಾ, ಪಾದಕ್ಕೆ ಸ್ಪರ್ಶ ತಿಳಿಯುತ್ತಿದೆಯಾ ಅಂತ ನೋಡಲು ಹೇಳು. ಎಚ್‌ಬಿಎ1ಸಿ ಪರೀಕ್ಷೆ ಮಾಡಿಸು, ಅದರಲ್ಲಿ ಹೆಚ್ಚುಕಡಿಮೆ ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆ ಗೊತ್ತಾಗುತ್ತೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ತಪ್ಪಿಸಿಕೊಳ್ಳೋಕೆ ಆಗಲ್ಲ ಅಂತ ಅಪ್ಪನಿಗೆ ನಾನೇ ಹೇಳಿದೆ ಅಂತ ಹೇಳು. ಅಲ್ಲಿಯವರೆಗೆ ಬರಿಗಾಲಲ್ಲಿ ಓಡಾಡೋದು ಬೇಡ. ಬಿಸಿನೀರಲ್ಲಿ ಕಾಲು ಇಡೋದು ಬೇಡ, ಸುಟ್ಟರೂ ಗೊತ್ತಾಗಲ್ಲ. ಕಪ್ಪಾದ ಚರ್ಮ ಕೀಳೋದು, ಮನೆ ಮದ್ದು ಮೆತ್ತೋದು ಏನೂ ಬೇಡ. ಜ್ವರ, ಕೆಟ್ಟ ವಾಸನೆ, ಕೆಂಪು ಮೇಲಕ್ಕೆ ಏರೋದು ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಬರೆದೆ ಅಂತ ನೀನು ಅಳುತ್ತಾ ಕೂರಬೇಡ. ಬೇಗ ತೋರಿಸಿದರೆ ಇಂಥ ಗಾಯಗಳು ಎಷ್ಟೋ ಜನರಿಗೆ ವಾಸಿಯಾಗಿವೆ, ಅಪ್ಪನದೂ ಆಗುತ್ತೆ, ಖಂಡಿತ ಆಗುತ್ತೆ. ಖರ್ಚಿನ ಯೋಚನೆ ಬೇಡವೇ ಬೇಡ, ನಾನು ಇವತ್ತೇ ಕಳಿಸುತ್ತೇನೆ. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಚೆನ್ನಾಗಿದ್ದೇನೆ, ನಿದ್ದೆಯೂ ಬರುತ್ತೆ. ರಜೆ ಬೇಕು ಅಂದರೆ ಕೊಡುತ್ತಾರೆ, ಬಾ ಅಂದರೆ ಹೊರಟೇಬಿಡುತ್ತೇನೆ.

ಸುಧಾಗೆ ಹೇಳು, ಗಾಯದ ಫೋಟೋ ಬೆಳಕಿನಲ್ಲಿ ತೆಗೆದು ಈಗಲೇ ಕಳಿಸಲಿ. ನೊಣ ಎಣಿಸುವ ಹೊತ್ತಾಯಿತು, ಹೋಗಬೇಕು. ಡಾಕ್ಟರ್ ಏನೆಂದರು ಅಂತ ಬಂದ ತಕ್ಷಣ ಫೋನ್ ಮಾಡು, ಇಲ್ಲಿ ಎಷ್ಟೇ ಹೊತ್ತಾಗಿರಲಿ ಎತ್ತುತ್ತೇನೆ.

ನಿನ್ನ ಮಗಳು,
ವೀಣಾ