ಹಿಟ್ಟಿನ ಮಿಲ್ಲು ಕೊಳ್ಳಹೊರಟ ಮಗಳಿಗೆ

ತಿಪಟೂರು
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ಫೋನಿನಲ್ಲಿ ಮಿಲ್ಲಿನ ಮಾತು ಎತ್ತಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ವಿಷಯ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಕಾಗದ.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಮಂಗಳವಾರ ಬೆಳಗಿನ ರೈಲಿಗೆ ತುಮಕೂರಿಗೆ ಹೋಗಿ, ನೀನು ಕೊಳ್ಳಬೇಕೆಂದಿರುವ ಮಿಲ್ಲಿನ ಎದುರು ಟೀ ಅಂಗಡಿ ಬೆಂಚಿನ ಮೇಲೆ ಹತ್ತರಿಂದ ಒಂದರವರೆಗೆ ಕೂತಿದ್ದೆ. ಮೂರು ಟೀ ಆಯಿತು. (ಸಕ್ಕರೆ ಇಲ್ಲದ್ದು ಅಂತ ಮನೆಯಲ್ಲಿ ಹೇಳಿದ್ದೇನೆ, ನೀನೂ ಹಾಗೇ ಹೇಳು.) ಮಿಲ್ಲಿಗೆ ಬಂದವರು ಹತ್ತೊಂಬತ್ತು ಜನ. ಮೆಣಸಿನಕಾಯಿ ತಂದ ಇಬ್ಬರು ಹೆಂಗಸರನ್ನು ‘ಬೆಲ್ಟು ಹೋಗಿದೆ, ಶುಕ್ರವಾರ ಬನ್ನಿ’ ಅಂತ ವಾಪಸ್ ಕಳಿಸಿದರು. ಬಂದವರಲ್ಲಿ ಒಬ್ಬರೂ ಮಾಲೀಕರನ್ನು ಕೇಳಲಿಲ್ಲ. ‘ಅಜ್ಜ ಇದಾರಾ?’ ಅನ್ನುತ್ತಿದ್ದರು. ಅಜ್ಜ ಅಂದರೆ ಮಿಷನ್ ಓಡಿಸುವವರು, ತಲೆಗೆ ಟವೆಲ್ ಸುತ್ತಿಕೊಂಡಿರುತ್ತಾರಲ್ಲ, ಅವರು. ಇದನ್ನು ನೆನಪಿಟ್ಟುಕೊ, ಆಮೇಲೆ ಅಲ್ಲಿಗೇ ಬರುತ್ತೇನೆ.

ಮೊದಲು ಕರೆಂಟ್ ಬಿಲ್ಲು. ನೀನು ವಾಟ್ಸಾಪಿನಲ್ಲಿ ಕಳಿಸಿದ್ದು ಮಾರ್ಚ್, ಏಪ್ರಿಲ್ ತಿಂಗಳ ಬಿಲ್ಲುಗಳು. ಮಾಲೀಕರು ಅವೆರಡನ್ನೇ ಯಾಕೆ ಕೊಟ್ಟರು ಅಂತ ಯೋಚಿಸಿದೆಯಾ? ಬೇಸಿಗೆಯಲ್ಲಿ ಊರೆಲ್ಲ ವರ್ಷಕ್ಕಾಗುವಷ್ಟು ಖಾರದಪುಡಿ, ಸಾರಿನಪುಡಿ ಮಾಡಿಸಿ ಇಟ್ಟುಕೊಳ್ಳುತ್ತದೆ. ಆ ಎರಡು ತಿಂಗಳು ಯಾವ ಮಿಲ್ಲಿನ ಮುಂದೆ ನೋಡಿದರೂ ಡಬ್ಬಗಳ ಸಾಲು. ಮಳೆ ಹಿಡಿದ ಆಗಸ್ಟಿನಲ್ಲಿ ಹೋಗಿ ನೋಡಬೇಕು.

ನಾನು ಕೆಇಬಿ ಕಾಲದಲ್ಲಿ ಕೆಲಸಕ್ಕೆ ಸೇರಿ, ಬೆಸ್ಕಾಂ ಆದಮೇಲೂ ಮೀಟರ್ ಓದಿಕೊಂಡೇ ತಿರುಗಿದವನು. ಆರ್‌.ಆರ್‌. ನಂಬರ್, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ, ಇದ್ದರೆ ಸಾಕು. ಮಾಲೀಕರನ್ನೇ ಕೇಳಿ ಹನ್ನೆರಡು ತಿಂಗಳ ಬಿಲ್ಲು ತರಿಸಿಕೊ ಅಂದಿದ್ದೆನಲ್ಲ, ನೀನು ಮೊನ್ನೆ ಕಳಿಸಿದ್ದು ನೋಡಿದೆ. ಮಾರ್ಚ್ 720 ಯೂನಿಟ್, ಏಪ್ರಿಲ್ 690. ಉಳಿದ ಹತ್ತು ತಿಂಗಳು 400ರ ಆಚೀಚೆ. ಸರಾಸರಿ 460.

ಈಗ ಲೆಕ್ಕ ಹಾಕು. ಹಿಟ್ಟಿನ ಮಿಷನ್ನಿಗೆ ಇರುವುದು 10 ಹೆಚ್‌ಪಿ ಮೋಟಾರು. ಒಂದು ಹೆಚ್‌ಪಿ ಅಂದರೆ 746 ವ್ಯಾಟ್. ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು ಏಳೂವರೆ ಯೂನಿಟ್. ದಿನಕ್ಕೆ ಆರು ಗಂಟೆ, ತಿಂಗಳಿಗೆ 26 ದಿನ ಓಡುತ್ತದೆ ಅಂದರು. ಹಾಗೆ ಓಡಿದ್ದರೆ 1,170 ಯೂನಿಟ್ ಆಗಬೇಕಿತ್ತು. ಆಗಿರುವುದು 460, ಅದರಲ್ಲೂ ಖಾರದ ಮಿಷನ್ನು, ಲೈಟು, ಫ್ಯಾನು ಸೇರಿವೆ. ಮೋಟಾರು ಹಗುರವಾಗಿ ಓಡುವ ಹೊತ್ತೂ ಇರುತ್ತದೆ, ಧಾರಾಳವಾಗಿ ದಿನಕ್ಕೆ ಮೂರು ಗಂಟೆ ಅಂತಿಟ್ಟುಕೊ. ಅವರು ಹೇಳಿದ ವ್ಯಾಪಾರದ ಅರ್ಧ.

ವ್ಯಾಪಾರ ಅರ್ಧವಾದರೆ ತಿಂಗಳಿಗೆ ಕೈಗೆ ಉಳಿಯುತ್ತದೆ ಅಂತ ಅವರು ಹೇಳಿದ 60 ಸಾವಿರ 30 ಆಗುತ್ತದೆ ಅಂದುಕೊಳ್ಳಬೇಡ. ಬಾಡಿಗೆ ಅರ್ಧವಾಗುವುದಿಲ್ಲ, ಅಜ್ಜನ ಸಂಬಳವೂ ಅರ್ಧವಾಗುವುದಿಲ್ಲ. ಪುಡಿ ಪ್ಯಾಕೆಟ್ಟಿನ ಮಾರಾಟ ಸೇರಿಸಿಯೂ ನನ್ನ ಲೆಕ್ಕಕ್ಕೆ ಸಿಕ್ಕಿದ್ದು 22 ಸಾವಿರ. ಬೆಳಗಿಂದ ಸಂಜೆವರೆಗೆ ನೀನು ಅಲ್ಲಿ ನಿಲ್ಲುವ ಕೂಲಿಯೂ ಅದರೊಳಗೇ ಬಂತು.

‘ಅರ್ಧ ವ್ಯಾಪಾರ ಕ್ಯಾಶಿನಲ್ಲಿ, ಲೆಕ್ಕಕ್ಕೆ ಬರಲ್ಲ’ ಅಂತ ಅವರು ಹೇಳುತ್ತಾರೆ, ಕಾದು ನೋಡು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆಯವರು ನೋಟಿಸ್ ಕಳಿಸಿದಾಗ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಚೀಟಿ ಇಳಿದುಹೋಗಿತ್ತಲ್ಲ, ಹಾಗಾಗಿ ಈ ಮಾತು ನಿಜವೂ ಇರಬಹುದು. ಇರಲಿ. ಆದರೆ ರಾಗಿ ಬೀಸಲು ಕೊಟ್ಟವರು ಕ್ಯಾಶ್ ಕೊಟ್ಟರೂ ಮೋಟಾರಿಗೆ ಕರೆಂಟ್ ಬೇಕೇ ಬೇಕು.

ನಿನಗೆ ನಮ್ಮ ಎಸ್‌ಟಿಡಿ ಬೂತ್ ನೆನಪಿದೆಯಾ? ಗಾಜಿನ ಗೂಡಿನೊಳಗೆ ಕೂತು ಕೆಂಪು ಅಂಕಿ ಓಡುವುದನ್ನು ನೋಡುತ್ತಿದ್ದೆ ನೀನು. 2002ರ ಕೊನೆಯಲ್ಲಿ ನಡೆಯುತ್ತಿದ್ದ ಬೂತನ್ನೇ ನಿಮ್ಮಮ್ಮನ ಹೆಸರಿನಲ್ಲಿ 85 ಸಾವಿರಕ್ಕೆ ಕೊಂಡೆವು. ಸಂಜೆ ಹೊತ್ತು ಕ್ಯೂ ನಿಲ್ಲುತ್ತಿತ್ತು, ಅದನ್ನು ನೋಡಿಯೇ ಮರುಳಾದೆ. ಯಾಕೆ ಮಾರುತ್ತೀರಿ ಅಂದರೆ ಮಗಳ ಮದುವೆ ಅಂದರು. ಮದುವೆ ಆಗಿದ್ದೂ ನಿಜ, ಊಟಕ್ಕೂ ಹೋಗಿದ್ದೆವು. 2003ರ ಮೇ ಒಂದರಿಂದ ಮೊಬೈಲಿಗೆ ಇನ್‌ಕಮಿಂಗ್ ಫ್ರೀ ಆಯಿತು. ವರ್ಷ ತುಂಬುವುದರೊಳಗೆ ಕ್ಯೂ ಕರಗಿತು. ಆ ಗಾಜಿನ ಗೂಡನ್ನು ಕೊನೆಗೆ ಒಂದು ಹೋಟೆಲಿನವರು ಕ್ಯಾಷಿಯರ್ ಕೂರಲು ತೆಗೆದುಕೊಂಡರು. ಆ ಮನುಷ್ಯ ಸುಳ್ಳು ಹೇಳಲಿಲ್ಲ ಪುಟ್ಟಿ, ಮಾರಲು ಎರಡು ಕಾರಣ ಇದ್ದವು, ಒಂದನ್ನು ಹೇಳಿದ.

ಈ ಮಿಲ್ಲಿನವರು ‘ವಯಸ್ಸಾಯಿತು, ಮಗ ಹೈದರಾಬಾದಿನಲ್ಲಿ’ ಅನ್ನುತ್ತಾರೆ. ಎರಡನೆಯದು ಏನು ಅಂತ ಟೀ ಅಂಗಡಿಯವನನ್ನು ಕೇಳಿದೆ. ಕಟ್ಟಡದ ಓನರ್ ಕೆಡವಿ ಹೊಸದು ಕಟ್ಟಿಸುವ ಮಾತಾಡುತ್ತಿದ್ದಾರಂತೆ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಉಳಿದಿರುವುದು ನಾಲ್ಕು ತಿಂಗಳು. ಹಾಗಾಗಿ ನೀನು ಮೊದಲು ಮಾತಾಡಬೇಕಾದ್ದು ಮಿಲ್ಲಿನವರ ಹತ್ತಿರ ಅಲ್ಲ, ಕಟ್ಟಡದವರ ಹತ್ತಿರ. ಐದು ವರ್ಷಕ್ಕೆ ನಿನ್ನ ಹೆಸರಿನಲ್ಲಿ ಕರಾರು ಬರೆದುಕೊಡುತ್ತಾರಾ ಕೇಳು. ಒಂದು ವರ್ಷ ಮೀರಿದ ಕರಾರು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಖರ್ಚಾದರೂ ಮಾಡಿಸು. ಒಪ್ಪದಿದ್ದರೆ ಈ ಕಾಗದವನ್ನು ಇಲ್ಲಿಗೇ ಮಡಚಿಡಬಹುದು. ಮೀಟರು ಇನ್ನೂ ಕಟ್ಟಡದ ಓನರ್ ಅವರ ತೀರಿಹೋದ ತಂದೆಯ ಹೆಸರಿನಲ್ಲಿದೆ. ಬಾಕಿ ಇಲ್ಲವೆಂದು ಬೆಸ್ಕಾಂನಿಂದ ಬರೆಸಿಕೊಳ್ಳದೆ ಮುಂದೆ ಹೋಗಬೇಡ. ಹಳಬರ ಕರೆಂಟ್ ಬಾಕಿಯನ್ನು ಹೊಸಬರಿಂದ ವಸೂಲಿ ಮಾಡಲು ನಿಯಮ ಇದ್ದರೆ ಅದು ಸರಿಯೇ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಮಿಲ್ಲಿನವರು ಕೇಳುತ್ತಿರುವುದು 9 ಲಕ್ಷ. ಬಿಡಿಸಿ ನೋಡು. ಮಿಷನ್ನುಗಳು, ಮೋಟಾರು, ತಕ್ಕಡಿ ಎಲ್ಲ ಸೇರಿ ಎರಡೂವರೆ ಲಕ್ಷಕ್ಕೆ ಮೇಲೆ ಬಾಳುವುದಿಲ್ಲ. ಅಡ್ವಾನ್ಸ್ ಒಂದೂವರೆ ಲಕ್ಷ ಓನರ್ ಹತ್ತಿರ ಇದೆ. ಅದು ನಿನ್ನ ಹೆಸರಿಗೆ ಬಂತೆಂದು ಓನರ್ ಬರೆದುಕೊಟ್ಟರೆ ಮಾತ್ರ ಲೆಕ್ಕಕ್ಕೆ ತೆಗೆದುಕೊ. ‘ಸ್ಟಾಕು’ ಅಂತ 40 ಸಾವಿರ ಹಾಕಿದ್ದಾರಲ್ಲ, ಅದರಲ್ಲಿ ಮುಕ್ಕಾಲು ಪ್ರಿಂಟಾದ ಪ್ಲಾಸ್ಟಿಕ್ ಕವರು. ಕವರಿನ ಮೇಲಿರುವ 14 ಅಂಕಿಯ ಆಹಾರ ಪರವಾನಗಿಯ ಎಫ್‌ಎಸ್‌ಎಸ್‌ಎಐ ನಂಬರ್ ಅವರದು. ಮಾರಾಟದ ಜೊತೆ ಅದು ನಿನಗೆ ಬರುವುದಿಲ್ಲ, ನೀನು ಹೊಸದು ಮಾಡಿಸಬೇಕು. ಆ ಕವರು ನಿನಗೆ ಒಲೆ ಹಚ್ಚಲಿಕ್ಕೂ ಆಗದು. ಜಿಎಸ್‌ಟಿ ನಂಬರ್ ಇದ್ದರೆ ಅದೂ ಅಷ್ಟೇ, ಅವರ ಪ್ಯಾನ್ ಅದರೊಳಗೇ ಕೂತಿದೆ. ನಂಬರ್ ನಿನಗೆ ಬರದಿದ್ದರೂ, ಮಾರುವ ದಿನದವರೆಗಿನ ತೆರಿಗೆ ಬಾಕಿಗೆ ಕೊಂಡವರೂ ಹೊಣೆ. ನಮ್ಮ ಆಡಿಟರಿಗೆ ಒಮ್ಮೆ ತೋರಿಸು.

ಉಳಿದದ್ದೆಲ್ಲ ಗುಡ್‌ವಿಲ್ಲು, ಅಂದರೆ ಗಿರಾಕಿಗಳು ಇಟ್ಟ ನಂಬಿಕೆ. ಅದು ಯಾರ ಹತ್ತಿರ ಇದೆ? ಮಾಲೀಕರ ಹತ್ತಿರ ಅಂತೂ ಇಲ್ಲ. ಮಂಗಳವಾರ ನಾನೂ ಮನೆಯಿಂದ ಒಯ್ದಿದ್ದ ನಾಲ್ಕು ಸೇರು ರಾಗಿ ಬೀಸಲು ಕೊಟ್ಟೆ. ಅಜ್ಜ ಮೊದಲು ನನ್ನ ಚೀಲಕ್ಕೆ ಕೈಹಾಕಿ ರಾಗಿ ಮುಟ್ಟಿ ನೋಡಿದರು. ‘ಸ್ವಲ್ಪ ತೇವ ಇದೆ, ಅರ್ಧ ಗಂಟೆ ಬಿಸಿಲಿಗೆ ಹರಡಿ’ ಅಂದರು. ಮುಂಚೆ ಗೋಧಿ ಬೀಸಿದ್ದರಿಂದ ಕಲ್ಲಿನಲ್ಲಿ ಉಳಿದದ್ದು ಹೋಗಲಿ ಅಂತ ಮೊದಲ ಹಿಡಿ ಹಿಟ್ಟು ಬೇರೆ ತೆಗೆದಿಟ್ಟರು. ಹಿಟ್ಟು ಬೀಳುವಾಗ ಹೆಬ್ಬೆರಳಲ್ಲಿ ತಿಕ್ಕಿ, ಮಿಷನ್ನಿನ ಹಿಡಿ ಒಂಚೂರು ಸಡಿಲ ಮಾಡಿದರು. ಕಲ್ಲು ಸವೆದರೆ ಉಳಿ ಹೊಡೆದು ಹರಿತ ಮಾಡುವುದೂ ಅವರೇ ಅಂತೆ. ಸಂಬಳ ಎಷ್ಟು ಅಂತ ಕೇಳಲಿಲ್ಲ. ಆದರೆ ‘ಮಿಲ್ಲು ಮಾರುತ್ತಾರಂತಲ್ಲ’ ಅಂದಾಗ ಅವರ ಮುಖ ನೋಡಿದೆ. ಯಾರೂ ಅವರಿಗೆ ಹೇಳಿಲ್ಲ.

ಅವರು ನಿಲ್ಲುತ್ತಾರೋ ಇಲ್ಲವೋ ಅದರ ಮೇಲೆ ನಿನ್ನ ಬೆಲೆ ನಿಲ್ಲುತ್ತದೆ. ಹೋಗಿ ನೀನೇ ಮಾತಾಡು, ಮಾಲೀಕರ ಎದುರಲ್ಲೇ, ಕದ್ದುಮುಚ್ಚಿ ಅಲ್ಲ. ಸಂಬಳ ಹೆಚ್ಚಿಸುತ್ತೇನೆ ಅನ್ನು. ಮತ್ತೆ ಆರು ತಿಂಗಳು ಅವರ ಪಕ್ಕದಲ್ಲಿ ನಿಂತು ಕಲ್ಲಿಗೆ ಉಳಿ ಹೊಡೆಯುವುದನ್ನು ಕಲಿ. ನಗಬೇಡ, ನಿಜವಾಗಿಯೇ ಹೇಳುತ್ತಿದ್ದೇನೆ.

ಮಾರಾಟದ ಕರಾರಿನಲ್ಲಿ ಇನ್ನೊಂದು ಸಾಲು ಇರಲಿ: ಮಾರಿದವರು ಇಷ್ಟು ದೂರದೊಳಗೆ ಮತ್ತೆ ಮಿಲ್ಲು ಹಾಕುವಂತಿಲ್ಲ ಅಂತ. ‘ವ್ಯಾಪಾರ ಮಾಡಬೇಡ’ ಅನ್ನುವ ಕರಾರು ಸಾಮಾನ್ಯವಾಗಿ ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೆ ಗುಡ್‌ವಿಲ್ ಮಾರಿದವರ ವಿಷಯದಲ್ಲಿ ಮಾತ್ರ ಅದು ನಿಲ್ಲುತ್ತದೆ, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ನಿನಲ್ಲೇ ಇದೆ. ದೂರ ಅತಿಯಾಗಿರಬಾರದು ಅಷ್ಟೇ.

ಸಬ್ಸಿಡಿ ಸಿಗುತ್ತದೆ ಅಂದಿದ್ದೆಯಲ್ಲ, ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ, ಅದು ಹೊಸದಾಗಿ ಶುರು ಮಾಡುವ ಘಟಕಕ್ಕೆ. ನಡೆಯುತ್ತಿರುವುದನ್ನು ಕೊಳ್ಳಲು ಅಲ್ಲ. ಸಣ್ಣ ವ್ಯಾಪಾರಕ್ಕೆ ಬ್ಯಾಂಕು ಕೊಡುವ ಮುದ್ರಾ ಸಾಲ ಕೇಳು, ಅದರ ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಇದೆ. ಆದರೆ 3 ಲಕ್ಷಕ್ಕೆ ಮೇಲೆ ಹೋಗಬೇಡ. ಉಳಿದ 2 ಲಕ್ಷ ನನ್ನ ನಿವೃತ್ತಿ ಹಣದಲ್ಲಿ ಕೊಡುತ್ತೇನೆ. ಸಾಲವಾಗಿ. ನಿಮ್ಮಮ್ಮನಿಗೆ ಬಡ್ಡಿ ಬೇಕಂತೆ, ತಿಂಗಳಿಗೆ ಎರಡು ಕೆಜಿ ಸಾರಿನಪುಡಿ.

ಅಂದರೆ ನನ್ನ ಬೆಲೆ 5 ಲಕ್ಷ. ಅದರಲ್ಲಿ 50 ಸಾವಿರ ಮೂರು ತಿಂಗಳಾದ ಮೇಲೆ, ಅವರು ಒಂದು ತಿಂಗಳು ಜೊತೆಗೆ ಕೂತು ಗಿರಾಕಿಗಳನ್ನು ಪರಿಚಯ ಮಾಡಿಸಿದ ಮೇಲೆ. ಒಪ್ಪದಿದ್ದರೆ ಬಿಟ್ಟು ಬಾ. ಬೇಜಾರಾಗುತ್ತದೆ, ಗೊತ್ತು. ಬೂತ್ ಕೊಂಡ ದಿನ ಪೂಜೆಗೆ ಹೂವು ತಂದಿದ್ದು ನೆನಪಾಗಿ ನನಗೂ ಈಗಲೂ ಒಂಥರಾ ಆಗುತ್ತದೆ.

ಶನಿವಾರ ಬಾ, ಬಾಡಿಗೆ ಕರಾರಿನ ಜೆರಾಕ್ಸ್ ತಗೊಂಡು ಬಾ. ಅಲ್ಲಿವರೆಗೆ ಟೋಕನ್ ಅಡ್ವಾನ್ಸ್ ಅಂತ ನೂರು ರೂಪಾಯಿಯೂ ಕೊಡಬೇಡ.

ಅಜ್ಜ ಬೀಸಿಕೊಟ್ಟ ಹಿಟ್ಟಿನಲ್ಲಿ ನಿಮ್ಮಮ್ಮ ಈಗಷ್ಟೇ ಮುದ್ದೆ ತಿರುವಿದಳು. ಒಂದು ಗಂಟಿಲ್ಲ. ‘ಎಲ್ಲಿ ಹಾಕಿಸಿದ್ದು?’ ಅಂತ ಕೇಳಿದಳು. ಹೇಳಿದೆ.

ಇಂತಿ,
ನಿನ್ನ ಅಪ್ಪ