ಶೀಟ್ ಹಾರಿಹೋದ ವರ್ಷ ನಮ್ಮ ವಿಬಿಎಸ್ ನಡೆಸಿಕೊಟ್ಟವರಿಗೆ

ಎಲ್ಲರಿಗೂ ವಂದನೆಗಳು.

ನಮ್ಮ ಸಭೆಯ 15ನೇ ವಿಬಿಎಸ್, ಅಂದರೆ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ನಡೆಸುವ ಬೈಬಲ್ ಶಿಬಿರ, ಶನಿವಾರ ಮುಗಿಯಿತು. ದೇವರಿಗೆ ಸ್ತೋತ್ರ. ಭಾನುವಾರ ಆರಾಧನೆಯಲ್ಲಿ ಎರಡು ಮಾತು ಹೇಳಿದ್ದೆ, ಆದರೆ ಗಂಟಲು ಕಟ್ಟಿ ಅರ್ಧಕ್ಕೇ ನಿಂತುಬಿಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಹಾಯ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ಸಭೆಯವರೇ ಅಲ್ಲ. ಅವರಿಗೂ ಇದು ತಲುಪಬೇಕು.

ಬಳ್ಳಾರಿಯ ಬೇಸಿಗೆ ಗೊತ್ತಿದ್ದವರಿಗೆ ಆ ಗಾಳಿಯೂ ಗೊತ್ತಿರುತ್ತದೆ. ಮಧ್ಯಾಹ್ನವೆಲ್ಲ ಬೆಂಕಿ ಬಿಸಿಲು. ಸಂಜೆ ಐದಕ್ಕೆ ಕೆಂಪು ಧೂಳು ಎದ್ದಿತು, ಹಿಂದೆಯೇ ಮಳೆ. ಶಿಬಿರ ಶುರುವಾಗಬೇಕಿದ್ದದ್ದು ಸೋಮವಾರ. ಅದಕ್ಕೂ ಮುಂಚಿನ ಶುಕ್ರವಾರ ಆ ಗಾಳಿ ನಮ್ಮ ಆರಾಧನಾ ಮಂದಿರದ ಒಂಬತ್ತು ಶೀಟ್ ಕಿತ್ತುಕೊಂಡು ಹೋಯಿತು. ಒಂದು ಶೀಟ್ ಎರಡು ಬೀದಿ ಆಚೆ ಬೇವಿನ ಮರದಲ್ಲಿ ಸಿಕ್ಕಿಕೊಂಡಿತ್ತು. ಕೆಳಗೆ ಯಾರೂ ಇರಲಿಲ್ಲ, ಅದೇ ದೊಡ್ಡ ಕೃಪೆ. ಮಕ್ಕಳಿಗಾಗಿ ತಂದಿಟ್ಟಿದ್ದ ಪುಸ್ತಕ, ಬಣ್ಣದ ಹಾಳೆ ಎಲ್ಲ ನೆನೆದು ಹಿಟ್ಟಾಗಿದ್ದವು.

ಈ ವರ್ಷ ನಾನು ತುಂಬಾ ದಣಿದಿದ್ದೆ. ಯಾರಿಗೂ ಹೇಳಿರಲಿಲ್ಲ. ರಾತ್ರಿ ಬರುವ ಫೋನ್, ಆಸ್ಪತ್ರೆ, ಮಣ್ಣು ಕೊಡುವುದು, ಅಣ್ಣ ತಮ್ಮಂದಿರ ಜಗಳ ಬಿಡಿಸುವುದು, ಗುಳೆ ಹೋದ ಮನೆಯವರ ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಂಡು ಬರುವುದು. ಇದೆಲ್ಲ ಸೇವೆಯ ಭಾಗವೇ, ನಾನೇ ಒಪ್ಪಿ ಬಂದದ್ದು. ಆದರೂ ಆ ಸಂಜೆ ನೀರು ನಿಂತ ನೆಲದ ಮೇಲೆ ಕೂತು, ಈ ವರ್ಷ ಶಿಬಿರ ಬೇಡ ಅಂತ ತೀರ್ಮಾನ ಮಾಡಿದ್ದೆ. ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಬೇಡ ಅಂತ ಮಕ್ಕಳಿಗೆ ನೀವೇ ಹೋಗಿ ಹೇಳಿ, ನನ್ನ ಕೈಲಾಗಲ್ಲ."

ರಾತ್ರಿ ಎಂಟೂವರೆಗೆ ನಮ್ಮ ಬೀದಿಯ ಜೀನ್ಸ್ ಗೋದಾಮಿನ ಮಾಲೀಕರು ಬಂದರು. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ನಾನಿನ್ನೂ ಏನೂ ಕೇಳಿರಲಿಲ್ಲ. ಬೀಗದ ಕೈ ಟೇಬಲ್ ಮೇಲೆ ಇಟ್ಟು, "ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಿಮ್ಮದು" ಎಂದರು. ಚಹಾ ಕೂಡ ಕುಡಿಯದೆ ಹೋದರು.

ಅದರ ಬೆಲೆ ಏನು ಅಂತ ಬೇರೆ ಊರಿನವರಿಗೆ ಗೊತ್ತಾಗಲಿಕ್ಕಿಲ್ಲ. ಬಳ್ಳಾರಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಜೀನ್ಸ್ ಹೊಲಿಗೆಯಿಂದ. ಆ ಗೋದಾಮಿನ ಹನ್ನೊಂದು ಜನ ಟೈಲರ್‌ಗಳಿಗೆ ಕೂಲಿ ಪೀಸ್ ಲೆಕ್ಕದಲ್ಲಿ. ಹೊಲಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ನಾಲ್ಕು ಗಂಟೆ ಮಿಷನ್ ನಿಂತರೆ ನಾಲ್ಕು ಗಂಟೆಯ ಕೂಲಿ ಹೋಯಿತು. ಆರು ದಿನವೂ ಅವರು ಮಧ್ಯಾಹ್ನದ ಆ ಸೆಕೆಯಲ್ಲಿ ಕೂತು, ರಾತ್ರಿ ಹತ್ತರವರೆಗೆ ಹೊಲಿದು ಲೆಕ್ಕ ಸರಿ ಮಾಡಿಕೊಂಡರು. ಸ್ವಲ್ಪವಾದರೂ ಹಣ ಕೊಡೋಣ ಅಂತ ಹೋದರೆ ಒಬ್ಬರೂ ಮುಟ್ಟಲಿಲ್ಲ. "ನನ್ನ ಮಗಳೂ ಬರ್ತಾಳಲ್ವಾ ಪಾಸ್ಟರ್" ಎಂದರು ಒಬ್ಬರು. ಆ ಹನ್ನೊಂದು ಜನರಿಗೆ ನನ್ನ ಮೊದಲ ವಂದನೆ.

ಮಿಷನ್‌ಗಳನ್ನೆಲ್ಲ ಗೋಡೆಗೆ ಸರಿಸಿ ಬೆಡ್‌ಶೀಟ್ ಹೊದಿಸಿದೆವು. ಎಷ್ಟು ಗುಡಿಸಿದರೂ ನೀಲಿ ದಾರದ ಚೂರು, ಬಟ್ಟೆಯ ನವಿರು ಪುಡಿ ನೆಲ ಬಿಡಲಿಲ್ಲ. ಹೊತ್ತು ಏರಿದಂತೆ ಮಕ್ಕಳು ಬೆವರುತ್ತಿದ್ದರು, ಆ ಪುಡಿ ಅಂಗಾಲಿಗೆ ಅಂಟುತ್ತಿತ್ತು. ಕಣ್ಣು ಮುಚ್ಚಿ ಮೊಣಕಾಲೂರಿ ಪ್ರಾರ್ಥನೆ ಮಾಡುವಾಗ ಹಿಂದಿನಿಂದ ನೋಡಿದರೆ ಸಾಲಾಗಿ ನೀಲಿ ಪಾದಗಳು. ಅವರಮ್ಮಂದಿರ ಬೆರಳೂ ಹಾಗೇ ನೀಲಿ. 15 ವರ್ಷದಿಂದ ಇದೇ ಬೀದಿಯಲ್ಲಿದ್ದೇನೆ, ಈ ಜನರ ದುಡಿಮೆಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಮೊದಲ ದಿನ 61 ಮಕ್ಕಳು, ಕೊನೆಯ ದಿನ 94. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದು ಮಾತಾಡುವ ಮಕ್ಕಳು. ಹಾಡಲು ಶುರು ಮಾಡಿದರೆ ಮಾತ್ರ ಎಲ್ಲರ ದನಿ ಒಂದೇ.

ಮೊದಲ ದಿನದ ಪಾಠ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ. ಗಾಳಿಗೂ ತುಂಬಾ ಮೊದಲೇ ಆರಿಸಿದ್ದು. ಕಪೆರ್ನೌಮಿನಲ್ಲಿ ಯೇಸು ಇದ್ದ ಮನೆ ಜನರಿಂದ ತುಂಬಿಹೋಗಿದೆ. ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ಕು ಜನ ಮನೆಯ ಮಾಳಿಗೆ ಹತ್ತಿ, ಅದನ್ನು ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಒಳಗೆ ಇಳಿಸುತ್ತಾರೆ. ಮುಂದಿನ ಸಾಲಿನ ಪುಟ್ಟ ಹುಡುಗಿ ಕೈ ಎತ್ತಿ, "ನಮ್ಮ ಚರ್ಚಿನ ಶೀಟೂ ಅವರೇ ತೆಗೆದ್ರಾ?" ಎಂದಳು. ಎಲ್ಲರೂ ನಕ್ಕರು. ಇನ್ನೊಬ್ಬ ಹುಡುಗ, "ಆ ನಾಲ್ಕು ಜನರ ಹೆಸರೇನು?" ಎಂದ. ಸುವಾರ್ತೆಯಲ್ಲಿ ಅವರ ಹೆಸರಿಲ್ಲ. ಯೇಸು ಅವರ ನಂಬಿಕೆಯನ್ನು ನೋಡಿದನು ಅಂತ ಮಾತ್ರ ಇದೆ. ಈ ಭಾಗವನ್ನು ಎಷ್ಟೋ ಸಲ ಬೋಧಿಸಿದ್ದೇನೆ, ಅವತ್ತು ಅಲ್ಲೇ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನಮಗೆ ಸಹಾಯ ಮಾಡಿದವರಲ್ಲೂ ಹಲವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ.

ಪಕ್ಕದ ಬೀದಿಯ ಮಸೀದಿಯವರು ದಿನಾ ಎರಡು ಡ್ರಮ್ ನೀರು ಕಳಿಸಿದರು. ನಲ್ಲಿ ನೀರಿಗೆ ದಿನ ಎಣಿಸುವ ಊರಿದು, ಎರಡು ಡ್ರಮ್ ಅಂದರೆ ಸಣ್ಣದಲ್ಲ. ಶಾಮಿಯಾನ ಅಂಗಡಿಯವರು ಮೂರು ಫ್ಯಾನ್ ಕೊಟ್ಟು ಬಾಡಿಗೆ ಬೇಡ ಎಂದರು. ಒಗ್ಗರಣೆ ಮಿರ್ಚಿ ಮಾಡಿಕೊಟ್ಟ ಅಕ್ಕ ತಂಗಿಯರು, ನೆನೆದ ಪುಸ್ತಕದ ಬದಲು ರಾತ್ರಿಯೆಲ್ಲ ಜೆರಾಕ್ಸ್ ಮಾಡಿಸಿದ ಯೌವನಸ್ಥರು, ಗಂಟಲು ಹೋದರೂ ಆ್ಯಕ್ಷನ್ ಸಾಂಗ್ ನಿಲ್ಲಿಸದ ಸಂಡೇ ಸ್ಕೂಲ್ ಟೀಚರ್‌ಗಳು, ಎಲ್ಲರಿಗೂ ವಂದನೆ.

ಪ್ರತಿ ವರ್ಷ ಒಂದು ದಿನ ಮಕ್ಕಳಿಗೆ ನಮ್ಮ ಊರಿನ ಕಥೆ ಹೇಳುತ್ತೇವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದದ್ದು, ಕನ್ನಡ ಕಲಿತದ್ದು, ಜೊತೆಯವರೊಡನೆ ಬೈಬಲ್ ಅನುವಾದಕ್ಕೆ ಕೂತದ್ದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು. "ಅವರಿಗೆ ಕನ್ನಡ ಹೇಳಿಕೊಟ್ಟವರು ಯಾರು?" ಅಂತ ಮಕ್ಕಳು ಕೇಳಿದರು. ಈ ಊರಿನ ಜನರೇ ಅಂದೆ.

ಇನ್ನು ಒಬ್ಬರ ಬಗ್ಗೆ ಹೇಳಬೇಕು. ಬುಧವಾರ ರಾತ್ರಿ ಎರಡು ಗಂಟೆಗೆ ಫೋನ್ ಬಂತು. ನಮ್ಮ ಸಭೆಯ ಹಿರಿಯಜ್ಜಿ ಕರ್ತನ ಬಳಿಗೆ ಹೋದರು. ನಾನು ಅಲ್ಲೇ ಉಳಿಯಬೇಕಾಯಿತು. ಗುರುವಾರ ಬೆಳಿಗ್ಗೆ ಡಿಗ್ರಿ ಓದುವ ನಮ್ಮ ಇಬ್ಬರು ಹುಡುಗಿಯರು ಇಡೀ ಶಿಬಿರ ನಡೆಸಿದರು. ನನಗೆ ಒಂದು ಫೋನ್ ಕೂಡ ಮಾಡಲಿಲ್ಲ. ಅವರು ಆರು ವರ್ಷದವರಿದ್ದಾಗ ಇದೇ ಶಿಬಿರದಲ್ಲಿ ಕಂಠಪಾಠ ವಾಕ್ಯ ಮರೆತು ಅತ್ತವರು. ಆ ಸಂಜೆ ಅಜ್ಜಿಗೆ ಮಣ್ಣು ಕೊಟ್ಟೆವು.

ಅಜ್ಜಿಗೆ ಹಿಡಿ ಅಕ್ಕಿಯ ರೂಢಿ ಇತ್ತು. ದಿನಾ ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುವುದು. ಅದೆಲ್ಲ ಶಿಬಿರದ ಕೊನೆ ದಿನದ ಊಟಕ್ಕೆ. ಶುಕ್ರವಾರ ಬೆಳಿಗ್ಗೆ, ಮಣ್ಣು ಕೊಟ್ಟ ಮಾರನೇ ದಿನವೇ, ಸೊಸೆ ಆ ಡಬ್ಬಿ ಹೊತ್ತು ಗೋದಾಮಿಗೆ ಬಂದರು. ಕಣ್ಣು ಊದಿಕೊಂಡಿತ್ತು. ಹಳೇ ಎಣ್ಣೆ ಡಬ್ಬಿ, ಮುಚ್ಚಳದ ಹಿಡಿಗೆ ಬಟ್ಟೆ ಸುತ್ತಿದೆ. ಹುಳ ಬೀಳದಿರಲಿ ಅಂತ ಒಳಗೆ ಒಣ ಬೇವಿನ ಎಲೆ. ಮುಚ್ಚಳ ತೆಗೆದು ನೋಡಿದೆ, ಮೇಲಿನ ಪದರದಲ್ಲಿ ಬೆರಳಿನ ಗುರುತು ಹಾಗೇ ಇತ್ತು. ಶನಿವಾರ 94 ಮಕ್ಕಳು, ಮಾಲೀಕರು, ಹನ್ನೊಂದು ಜನ ಟೈಲರ್‌ಗಳು, ನೀರು ತಂದ ಹುಡುಗರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಆ ಅನ್ನ ಉಂಡರು.

ಶೀಟ್ ಕೆಲಸ ನಡೆಯುತ್ತಿದೆ. ಮುಗಿಯುವವರೆಗೆ ಭಾನುವಾರದ ಆರಾಧನೆ ಬೆಳಿಗ್ಗೆ ಆರೂವರೆಗೆ, ಅದೇ ಗೋದಾಮಿನಲ್ಲಿ.

ಡಬ್ಬಿ ತೊಳೆದು ವಾಪಸ್ ಕೊಡಲು ಹೋಗಿದ್ದೆ. ಸೊಸೆ ತೆಗೆದುಕೊಳ್ಳಲಿಲ್ಲ. "ನಿಮ್ಮ ಮನೆಯಲ್ಲೇ ಇರಲಿ ಅಯ್ಯನವರೇ, ನಾನು ಬೇರೆ ಡಬ್ಬಿ ಇಟ್ಟಿದ್ದೀನಿ" ಎಂದರು. ಈಗ ಅದು ನಮ್ಮ ಒಲೆಯ ಪಕ್ಕದಲ್ಲಿದೆ. ನಾಲ್ಕು ಹಿಡಿ ಬಿದ್ದಿದೆ.