ಹೊರಡುವ ಮುಂಚೆ ಆ ಕಾಲನ್ನು ತೋರಿಸು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಸುತ್ತುತ್ತಿತ್ತು. "ಕಾಲು ಸ್ವಲ್ಪ ನೋಯ್ತಿದೆ ದೊಡ್ಡಮ್ಮ, ಯಾರಿಗೂ ಹೇಳಬೇಡಿ, ಮಿಲಿಟರಿ ಟ್ರೇನಿಂಗ್‌ಗೆ ಇನ್ನು ಮೂರೇ ವಾರ." ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾದವಳು ನೀನು. ಅದನ್ನು ಫೋನಿನಲ್ಲಿ ಅಂದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರ.

ಮೊದಲು ಒಂದು ಕೆಲಸ ಮಾಡು. ಕುರ್ಚಿ ಮೇಲೆ ಕೂತು, ಮೊಣಕಾಲಿನಿಂದ ಕೆಳಕ್ಕೆ, ಮೂಳೆಯ ಒಳಬದಿಯ ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬಾ. ನಿಧಾನವಾಗಿ. ಗೇಣುದ್ದ ಎಲ್ಲ ಕಡೆ ಮಂದವಾಗಿ ನೋವಾದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್, ಓಟವನ್ನು ಒಮ್ಮೆಲೇ ಜಾಸ್ತಿ ಮಾಡಿದವರಿಗೆ ಬರುವಂಥದ್ದು. ಹಾಗಲ್ಲದೆ ನಾಣ್ಯದಷ್ಟು ಒಂದೇ ಜಾಗದಲ್ಲಿ, ಮುಟ್ಟಿದ ಕೂಡಲೇ ಕಾಲು ಹಿಂದಕ್ಕೆ ಎಳೆದುಕೊಳ್ಳುವ ಹಾಗೆ ನೋವಾದರೆ, ಮೂಳೆಯಲ್ಲೇ ಸಣ್ಣ ಬಿರುಕು ಇರಬಹುದು. ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತಾರೆ. ಓಡುತ್ತಾ ಓಡುತ್ತಾ ನೋವು ಏರುವುದು, ಮಲಗಿದಾಗಲೂ ಬಿಡದೆ ಕಾಡುವುದು, ಇವೂ ಅದರ ಗುರುತೇ. ತೊಡೆಸಂದಿನಲ್ಲಿ ನೋವಿದ್ದರಂತೂ ಒಂದು ಹೆಜ್ಜೆಯೂ ಓಡಬೇಡ. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಪೂರ್ತಿ ಮುರಿದರೆ ಆಪರೇಷನ್ ತನಕ ಹೋಗುತ್ತದೆ.

ಇದೇನು ಇವತ್ತಿನ ಕಾಯಿಲೆ ಅಲ್ಲ. 1855ರಲ್ಲೇ ಜರ್ಮನಿಯ ಹಳೆಯ ರಾಜ್ಯ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ದೂರದ ಮಾರ್ಚ್ ಮಾಡಿ ಪಾದ ಊದಿಸಿಕೊಂಡ ಸೈನಿಕರ ಬಗ್ಗೆ ಬರೆದಿದ್ದರು. ಊತ ಯಾಕೆ ಅಂತ ಗೊತ್ತಾಗಿದ್ದು ಎಕ್ಸ್‌ರೇ ಬಂದ ಮೇಲೆ. ಪಾದದ ಸಣ್ಣ ಮೂಳೆ ಬಿರುಕು ಬಿಟ್ಟಿರುತ್ತಿತ್ತು. ಈಗಲೂ ಅದಕ್ಕೆ ಮಾರ್ಚ್ ಫ್ರಾಕ್ಚರ್ ಅನ್ನುವ ಹೆಸರಿದೆ. ಮೂಳೆ ಅಂದರೆ ಜೀವ ಇರುವ ವಸ್ತು, ಮಗಳೇ. ಹೊಸ ಭಾರ ಬಿದ್ದಾಗ ಅದು ಹಳೆಯ ಭಾಗವನ್ನು ಮೊದಲು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆರೆಯುವುದು ಕೆಲವೇ ವಾರದ ಕೆಲಸ. ಕಟ್ಟುವುದಕ್ಕೆ ತಿಂಗಳುಗಳು ಬೇಕು. ಆ ನಡುವೆ ಮೂಳೆ ಮೊದಲಿಗಿಂತ ಸೊರಗಿರುತ್ತದೆ. ನೀನು ಬೂಟು ಹಾಕಿ, ಬೆನ್ನಿಗೆ ಭಾರ ಹೊತ್ತು ಓಡಬೇಕಾಗಿರುವುದು ಸರಿಯಾಗಿ ಆ ಹೊತ್ತಿನಲ್ಲೇ.

ನಾನು ಸೇನಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಒಬ್ಬ ಹುಡುಗನನ್ನು ಸ್ಟ್ರೆಚರ್ ಮೇಲೆ ತಂದರು. ಹತ್ತೊಂಬತ್ತು ವರ್ಷ ಇರಬೇಕು. ಬೂಟು ಬಿಚ್ಚಿ ಕಾಲುಚೀಲ ಎಳೆದೆ. ಒಳಗಿಂದ ನೋವಿನ ಮಾತ್ರೆಯ ಖಾಲಿ ಪಟ್ಟಿ ನೆಲಕ್ಕೆ ಬಿತ್ತು. ಅವನು ನನ್ನ ಮುಖ ನೋಡಲಿಲ್ಲ, ಆ ಪಟ್ಟಿಯನ್ನೇ ನೋಡುತ್ತಿದ್ದ. ಟ್ರೇನಿಂಗ್‌ಗೆ ಬರುವ ಮುಂಚೆಯೇ ನೋವಿತ್ತಂತೆ. ದಿನಾ ಮಾತ್ರೆ ನುಂಗಿ ಓಡಿದ್ದ. ಐದನೇ ವಾರ ಗೋಡೆಯಿಂದ ಹಾರಿದಾಗ ಮೂಳೆ ಎರಡು ತುಂಡಾಯಿತು. "ಸಿಸ್ಟರ್, ನನ್ನ ಬ್ಯಾಚ್ ತಪ್ಪುತ್ತಾ?" ಅಂತ ಕೇಳಿದ. ಬ್ಯಾಚ್ ಒಂದೇ ಅಲ್ಲ, ಸೈನ್ಯವೇ ತಪ್ಪಿತು ಅವನಿಗೆ. ಮೊದಲೇ ಬಾಯಿಬಿಟ್ಟಿದ್ದರೆ ಎರಡು ತಿಂಗಳು ತಡವಾಗುತ್ತಿತ್ತು ಅಷ್ಟೆ. ಮಾತ್ರೆ ತಿಂದರೆ ಬಿರುಕು ಕೂಡಿಕೊಳ್ಳುವುದಿಲ್ಲ, ಅದು ಬೆಳೆಯುತ್ತಿರುವುದು ನಿನಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಈ ವಾರವೇ ಡಾಕ್ಟರ ಹತ್ತಿರ ಹೋಗು. ಸುಮ್ನೆ "ಕಾಲುನೋವು" ಅನ್ನಬೇಡ. ಎಷ್ಟು ದಿನದಿಂದ, ಎಷ್ಟು ದೂರ ಓಡಿದ ಮೇಲೆ, ಯಾವ ಜಾಗ, ಎಲ್ಲಾ ಹೇಳು. ಮಿಲಿಟರಿ ಟ್ರೇನಿಂಗ್‌ಗೆ ಹೊರಟಿದ್ದೇನೆ ಅನ್ನುವುದನ್ನೂ ಹೇಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂದರೆ ಅಷ್ಟಕ್ಕೇ ಎದ್ದು ಬರಬೇಡ. ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಗೆ ಕಾಣಿಸದೆಯೂ ಇರಬಹುದು. ಎಂಆರ್‌ಐ ಬೇಕಾ ಅಂತ ನೀನೇ ಕೇಳು.

ಡಾಕ್ಟರ ಚೀಟಿ ಕೈಗೆ ಬಂದ ಮೇಲೆ ನಿನ್ನನ್ನು ಆಯ್ಕೆ ಮಾಡಿದ ಕಚೇರಿಗೆ ಬರವಣಿಗೆಯಲ್ಲಿ ತಿಳಿಸು. ಬೇಕಾದರೆ ಮುಂದಿನ ಬ್ಯಾಚ್‌ಗೆ ಹಾಕಿ ಅಂತ ಕೇಳಿಕೋ. ಕೇಳುವುದಕ್ಕೆ ಹೆದರಿಕೆ ಆಗುತ್ತದೆ, ಗೊತ್ತು. ಗೆಳತಿಯರೆಲ್ಲ ಹೋಗಿ ನಾನೊಬ್ಬಳೇ ಉಳಿಯುತ್ತೇನೆ ಅನ್ನುವ ಸಂಕಟವೂ ಗೊತ್ತು. ಆದರೆ ಆರೋಗ್ಯದ ಫಾರಂನಲ್ಲಿ "ಯಾವ ಗಾಯವೂ ಇಲ್ಲ" ಅಂತ ಬರೆದು ಸಹಿ ಹಾಕಿದರೆ, ಮುಂದೆ ಕಾಲು ಕೈಕೊಟ್ಟ ದಿನ ಆ ಸಹಿಗೂ ನೀನು ಉತ್ತರ ಕೊಡಬೇಕು.

ಬಿರುಕೇ ಆಗಿದ್ದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ಕೆಲವು ಜಾಗದಲ್ಲಿ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ದಮ್ಮು ಕಳೆದುಕೊಳ್ಳಬೇಕಾಗಿಲ್ಲ. ಡಾಕ್ಟರು ಒಪ್ಪಿದರೆ ಈಜು, ಸೈಕಲ್ ತುಳಿ. ಅರ್ಧ ಗಂಟೆ ಚುರುಕಾಗಿ ನಡೆದರೂ ನೋವಿಲ್ಲ ಅನ್ನುವ ಹಾಗಾದ ಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆಯಿಂದ ಶುರು ಮಾಡು. ದೂರವನ್ನೂ ವೇಗವನ್ನೂ ಒಂದೇ ವಾರದಲ್ಲಿ ಏರಿಸಬೇಡ.

ಇನ್ನೊಂದು ಮಾತು, ಹೆಣ್ಣುಮಗಳು ಅಂತ ಕೇಳುತ್ತಿದ್ದೇನೆ. ತೂಕ ಇಳಿಸಬೇಕು ಅಂತ ರಾತ್ರಿ ಊಟ ಬಿಟ್ಟಿದ್ದೀಯಂತೆ. ಮುಟ್ಟು ಸರಿಯಾಗಿ ಆಗುತ್ತಿದೆ ತಾನೇ? ಊಟ ಕಡಿಮೆಯಾಗಿ ಓಟ ಜಾಸ್ತಿಯಾದರೆ ಮುಟ್ಟು ನಿಲ್ಲಬಹುದು, ಮೂಳೆಯೂ ಸವೆಯಬಹುದು. ಟ್ರೇನಿಂಗ್‌ನಲ್ಲಿ ಈ ಬಿರುಕು ಹುಡುಗರಿಗಿಂತ ಹುಡುಗಿಯರಿಗೇ ಜಾಸ್ತಿ. ನಾಚಿಕೊಳ್ಳದೆ ಡಾಕ್ಟರಿಗೆ ಇದನ್ನೂ ಹೇಳು. ವಿಟಮಿನ್ ಡಿ ಪರೀಕ್ಷೆ ಬೇಕಾ ಅಂತ ಕೇಳು. ಇವತ್ತಿನಿಂದಲೇ ರಾತ್ರಿ ಊಟ ಮಾಡು.

ಅಮ್ಮನಿಗೆ ನೀನೇ ಹೇಳುತ್ತೀಯಾ, ಇಲ್ಲಾ ನಾನು ಬಂದು ಪಕ್ಕದಲ್ಲಿ ಕೂರಲಾ? ಹೆಬ್ಬೆರಳು ಒತ್ತಿದಾಗ ಎಲ್ಲಿ ನೋಯಿತು ಅಂತ ಇವತ್ತು ರಾತ್ರಿಯೇ ಫೋನ್ ಮಾಡಿ ಹೇಳು. ಎದ್ದೇ ಇರುತ್ತೇನೆ.

ನಿನ್ನ ದೊಡ್ಡಮ್ಮ